ಧೂಳು ಮತ್ತು ಉಸಿರು: ಕೋಲಾರದ ಚಿನ್ನದ ಗಣಿಗಳ ಶ್ವಾಸರೋಗದ ಚರಿತ್ರೆ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು, ಸನ್ಯಾಸಿನಿಯರು, ದಾನಿಗಳು, ಉಪದೇಶಿಗಳು ಇವರೆಲ್ಲರ ಸೇವೆಯ ಸ್ಮರಣೆ ಆಗುವುದು ಯೋಗ್ಯವೇ ಆಗಿದೆ. ಆದರೆ ಯಾವ ದೇವಾಲಯದ ಚರಿತ್ರೆಯಲ್ಲಿಯೂ ಒಂದು ವರ್ಗದ ಜನ ಹೆಸರಿಲ್ಲದೆ ಉಳಿದುಬಿಡುತ್ತಾರೆ. ಬಂಡೆ ಒಡೆದವರು, ಕಲ್ಲು ಕಡಿದವರು, ಸುಣ್ಣ ಸುಟ್ಟವರು, ಗಾರೆ ಅರೆದವರು ಆ ವರ್ಗದವರು. ಅಸ್ತಿವಾರದ ಕಲ್ಲಿನ ಮೇಲೆ ಆಶೀರ್ವದಿಸಿದವರ ಹೆಸರನ್ನು ಕೆತ್ತುತ್ತೇವೆ. ಆ ಕಲ್ಲನ್ನು ಹದಗೊಳಿಸಿದವನ ಹೆಸರನ್ನು ಎಲ್ಲಿಯೂ ಕೆತ್ತುವುದಿಲ್ಲ. ಅವನು ಎಷ್ಟು ವರ್ಷ ಬದುಕಿದ, ಯಾವ ರೋಗದಿಂದ ಸತ್ತ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ರನ್ನ ಬೆಳಗಲಿಯವರಾದ ನಮಗೆ ಈ ಪ್ರಶ್ನೆ ಅಪರಿಚಿತವಾಗಬಾರದು. ಹತ್ತನೆಯ ಶತಮಾನದಲ್ಲಿ ಈ ಊರಿನಲ್ಲಿ ಜನಿಸಿ ಕವಿಚಕ್ರವರ್ತಿ ಎನಿಸಿಕೊಂಡ ರನ್ನನು ಅರಮನೆಯ ಮಗನಲ್ಲ, ಬಳೆಗಾರರ ಮನೆಯ ಮಗ. ದುಡಿಯುವ ಕುಲದಿಂದ ಬಂದವನನ್ನು ನಾಡು ಸಾವಿರ ವರ್ಷಗಳಿಂದ ಗೌರವಿಸುತ್ತಾ ಬಂದಿದೆ. ದುಡಿಮೆಯನ್ನೇ ನಂಬಿ, ಆ ದುಡಿಮೆಯಿಂದಲೇ ಉಸಿರು ಕಳೆದುಕೊಂಡವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ. ಇದರ ಮುಖ್ಯ ರಂಗಸ್ಥಳ ನಮ್ಮ ರಾಜ್ಯದ ಪೂರ್ವದ ಅಂಚಿನಲ್ಲಿರುವ ಕೋಲಾರದ ಚಿನ್ನದ ಗಣಿ ಪ್ರದೇಶ. ಆದರೆ ಇದರ ಪಾಠ ನಮ್ಮ ಬಾಗಿಲ ಮುಂದೆಯೂ ಇದೆ.

ಒಂದು ಹಳೆಯ ರೋಗ

ಗಣಿಗಾರನ ಬಾಳು ಎಷ್ಟು ಕಠಿಣವೆಂಬುದನ್ನು ಪವಿತ್ರ ಗ್ರಂಥವು ಬಲ್ಲದು. ಯೋಬನ ಗ್ರಂಥದ ೨೮ನೆಯ ಅಧ್ಯಾಯದಲ್ಲಿ ಮನುಷ್ಯನು ಕತ್ತಲೆಯನ್ನು ಭೇದಿಸಿ, ಜನವಸತಿಯಿಂದ ದೂರದಲ್ಲಿ, ಭೂಗರ್ಭದೊಳಗೆ ಜೋತುಬಿದ್ದು ಬೆಳ್ಳಿ ಬಂಗಾರಗಳನ್ನು ಅಗೆಯುವ ವರ್ಣನೆ ಇದೆ. ಅಷ್ಟೆಲ್ಲ ಶ್ರಮಪಟ್ಟು ಬಂಗಾರವನ್ನು ಕಂಡುಕೊಳ್ಳುವ ಮನುಷ್ಯನಿಗೆ ಜ್ಞಾನ ಎಲ್ಲಿ ದೊರಕೀತು ಎಂದು ಆ ಗ್ರಂಥಕರ್ತನು ಪ್ರಶ್ನಿಸುತ್ತಾನೆ. ಗಣಿಯ ಚರಿತ್ರೆಯನ್ನು ಓದುವವರು ಈ ಪ್ರಶ್ನೆಯನ್ನು ಮರೆಯಲಾಗದು.

೧೫೫೬ರಲ್ಲಿ ಪ್ರಕಟವಾದ ಗಣಿಗಾರಿಕೆಯ ಸುಪ್ರಸಿದ್ಧ ಗ್ರಂಥದಲ್ಲಿ ಜರ್ಮನಿಯ ವಿದ್ವಾಂಸ ಅಗ್ರಿಕೋಲನು, ಒಣ ಗಣಿಗಳಿಂದೇಳುವ ಧೂಳು ಪುಪ್ಪುಸಗಳನ್ನು ಹುಣ್ಣಾಗಿಸಿ ದೇಹವನ್ನು ಕ್ಷಯಗೊಳಿಸುತ್ತದೆಂದು ಬರೆದನು. ಕಾರ್ಪೇಥಿಯನ್ ಪರ್ವತದ ಗಣಿಗಳ ಊರುಗಳಲ್ಲಿ ಒಬ್ಬೊಬ್ಬ ಹೆಂಗಸು ಏಳು ಗಂಡಂದಿರನ್ನು ಮದುವೆಯಾಗಿ ಏಳು ಮಂದಿಯನ್ನೂ ಕಳೆದುಕೊಂಡಿದ್ದುದನ್ನು ಆತನು ಉಲ್ಲೇಖಿಸಿದ್ದಾನೆ. ೧೭೦೦ರಲ್ಲಿ ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜ್ಜೀನಿಯು ಕಸುಬುದಾರರ ರೋಗಗಳನ್ನೇ ಕುರಿತು ಒಂದು ಗ್ರಂಥವನ್ನು ರಚಿಸಿದನು. ರೋಗಿಯನ್ನು ಪರೀಕ್ಷಿಸುವ ವೈದ್ಯನು ಇತರ ಪ್ರಶ್ನೆಗಳೊಂದಿಗೆ, ಅವನ ಕಸುಬು ಯಾವುದೆಂಬುದನ್ನೂ ಕೇಳಬೇಕೆಂದು ಆತನು ಬೋಧಿಸಿದನು. ಈ ಒಂದು ಪ್ರಶ್ನೆಯನ್ನು ಕೇಳದೆ ಹೋದದ್ದರಿಂದ ಲೋಕದಲ್ಲಿ ಎಷ್ಟು ಅನ್ಯಾಯವಾಗಿದೆ ಎಂಬುದು ಮುಂದೆ ತಿಳಿಯುವುದು.

ರೋಗದ ಸ್ವರೂಪ

ಬೆಣಚುಕಲ್ಲು, ಮರಳುಕಲ್ಲು, ಗ್ರಾನೈಟ್ ಇವುಗಳಲ್ಲಿ ಸಿಲಿಕಾ ಎಂಬ ಪದಾರ್ಥ ಹೇರಳವಾಗಿದೆ. ಬಂಡೆಯನ್ನು ಕೊರೆಯುವಾಗ, ಸಿಡಿಸುವಾಗ, ಪುಡಿ ಮಾಡುವಾಗ ಇದರ ಅತಿ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲುತ್ತವೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು ಗಂಟಲುಗಳಲ್ಲಿಯೇ ತಡೆದು ಸೀನು ಕೆಮ್ಮುಗಳ ಮೂಲಕ ಹೊರಬೀಳುವುದು. ಕಣ್ಣಿಗೆ ಕಾಣದ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣವೇ ಅಪಾಯಕಾರಿ. ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ದೇಹದ ಕಾವಲುಗಾರ ಕೋಶಗಳು ಅದನ್ನು ನುಂಗುತ್ತವೆ. ಆದರೆ ಜೀರ್ಣಿಸಿಕೊಳ್ಳಲಾರದೆ ತಾವೇ ನಾಶವಾಗುತ್ತವೆ. ಬಿಡುಗಡೆಯಾದ ಕಣವನ್ನು ಬೇರೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಮುಂದುವರಿದು, ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಪುಪ್ಪುಸದಲ್ಲಿ ಗಟ್ಟಿಯಾದ ಗಂಟುಗಳೂ ಗಾಯದ ಕಲೆಗಳೂ ತುಂಬಿಕೊಳ್ಳುತ್ತವೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು.

ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷಗಳ ದುಡಿಮೆಯ ಬಳಿಕ ಇದು ತಲೆದೋರುತ್ತದೆ. ಧೂಳು ವಿಪರೀತವಾಗಿದ್ದಲ್ಲಿ ಕೆಲವೇ ವರ್ಷಗಳಲ್ಲಿಯೂ ಬರಬಹುದು. ಮೊದಲು ಏರು ಹತ್ತುವಾಗ ಏದುಸಿರು, ಆಮೇಲೆ ಬಯಲಿನಲ್ಲಿ ನಡೆಯುವಾಗಲೂ ಏದುಸಿರು, ಕಡೆಗೆ ಕುಳಿತಲ್ಲಿಯೇ ಏದುಸಿರು. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಒಳಗೊಳಗೇ ಬೆಳೆಯಬಲ್ಲದು. ಇದರ ಜೊತೆಗೆ ಕ್ಷಯರೋಗ ತಗಲುವ ಸಂಭವವು ಇತರರಿಗಿಂತ ಹಲವು ಪಟ್ಟು ಹೆಚ್ಚು. ೧೯೯೭ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಝರಿಯಾ, ರಾಣಿಗಂಜ್ ಮೊದಲಾದ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುವವರ ಪುಪ್ಪುಸಗಳನ್ನು ಕಪ್ಪಾಗಿಸುವ ರೋಗವು ಇದರ ಸಮೀಪದ ಬಂಧು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ನಮ್ಮ ಪಾಲಿಗೆ ಬಂದದ್ದು ಚಿನ್ನದ ಧೂಳು.

ಕೋಲಾರದ ಗಣಿಗಳು

ಕೋಲಾರದ ನೆಲದಲ್ಲಿ ಚಿನ್ನವಿದೆಯೆಂಬುದು ಪುರಾತನರಿಗೂ ತಿಳಿದಿತ್ತು. ೧೯ನೆಯ ಶತಮಾನದ ಪ್ರಾರಂಭದಲ್ಲಿ ಸೈನ್ಯಾಧಿಕಾರಿ ಜಾನ್ ವಾರೆನ್ ಆ ಪ್ರದೇಶದ ಚಿನ್ನವನ್ನು ಕುರಿತು ವರದಿ ಬರೆದನು. ೧೮೭೦ರ ದಶಕದಲ್ಲಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರ್ಲೆಂಡಿನ ನಿವೃತ್ತ ಸೈನಿಕ ಮೈಕೆಲ್ ಲವೆಲ್ ಎಂಬಾತನು ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಪರವಾನಗಿಯನ್ನು ಪಡೆದನು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ ಕಾಲಿರಿಸಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮುಂತಾದ ಗಣಿಗಳು ತಲೆಯೆತ್ತಿದವು. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಈ ಗಣಿಗಳಿಗೆ ಹರಿದು ಬಂದಿತು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಹತ್ತು ಸಾವಿರ ಅಡಿಗಳಿಗೂ ಮೀರಿದ ಆಳಕ್ಕೆ ಇಳಿದು ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದೆಂದು ಪ್ರಸಿದ್ಧವಾಯಿತು.

ಆ ಆಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಜಿಲ್ಲೆಗಳ ಭೂಹೀನ ಬಡವರು. ಅವರಲ್ಲಿ ಬಹುಮಂದಿ ಊರಿನ ಕೇರಿಯ ಹೊರಗೆ ಇರಿಸಲ್ಪಟ್ಟ ಜಾತಿಗಳವರು. ಹಳ್ಳಿಯ ಅವಮಾನವನ್ನೂ ಬರಗಾಲವನ್ನೂ ತಪ್ಪಿಸಿಕೊಂಡು ಕೂಲಿಯ ಆಸೆಯಿಂದ ಬಂದವರು. ಅವರಲ್ಲಿ ನಮ್ಮ ಕಥೋಲಿಕ ಸಹೋದರರೂ ಅನೇಕರಿದ್ದರು. ಚಾಂಪಿಯನ್ ರೀಫ್‌ನಲ್ಲಿರುವ ವಿಜಯಮಾತೆಯ ದೇವಾಲಯ ಆ ವಿಶ್ವಾಸಿಗಳ ಬೆವರಿನ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಏಕಕಾಲದಲ್ಲಿ ದುಡಿಯುತ್ತಿದ್ದ ದಿನಗಳು ಅಲ್ಲಿ ಇದ್ದವು.

ಬಂಡೆ ಕುಸಿದು ಸಾಯುವುದು, ಸಿಡಿಮದ್ದಿನಿಂದ ಸಾಯುವುದು, ಶಾಫ್ಟಿನೊಳಗೆ ಬಿದ್ದು ಸಾಯುವುದು ಎಲ್ಲರ ಕಣ್ಣಿಗೆ ಕಾಣುವ ಸಾವುಗಳು. ಅಂತಹ ದಿನ ಸೈರನ್ ಕೂಗಿದರೆ ಸಾಲುಮನೆಗಳ ಹೆಂಗಸರೆಲ್ಲರೂ ಗಣಿಯ ಬಾಯಿಗೆ ಓಡಿ ಬರುತ್ತಿದ್ದರು. ಆದರೆ ಚಿನ್ನವು ಹುದುಗಿದ್ದುದು ಬೆಣಚುಕಲ್ಲಿನ ಪದರದಲ್ಲಿ. ಗಾಳಿಯೊತ್ತಡದ ಡ್ರಿಲ್ ಯಂತ್ರಗಳು ಬಂದ ಮೇಲೆ ಕೈಯುಳಿಯ ಕಾಲಕ್ಕಿಂತ ಎಷ್ಟೋ ಪಟ್ಟು ನುಣುಪಾದ ಧೂಳು ಏಳತೊಡಗಿತು. ಗಾಳಿ ಆಡದ ಸುರಂಗದ ಕೊನೆಯಲ್ಲಿ ಆ ಧೂಳು ಗಂಟೆಗಟ್ಟಲೆ ತೇಲುತ್ತಲೇ ಇರುತ್ತಿತ್ತು. ಈ ಸಾವಿಗೆ ಸೈರನ್ ಕೂಗುವುದಿಲ್ಲ.

ಕಾಣದಂತೆ ಉಳಿದ ರೋಗ

ಈ ರೋಗ ಬಹುಕಾಲ ಲೆಕ್ಕಕ್ಕೆ ಬಾರದೆ ಹೋದದ್ದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಕೆಮ್ಮು, ಜ್ವರ, ಏದುಸಿರು, ದೇಹ ಸೊರಗುವುದು ಇವೆಲ್ಲ ಕ್ಷಯರೋಗದಲ್ಲಿಯೂ ಇರುತ್ತವೆ, ನ್ಯುಮೋನಿಯಾದಲ್ಲಿಯೂ ಇರುತ್ತವೆ. ಎದೆಯ ಕ್ಷ-ಕಿರಣ ಚಿತ್ರವಿಲ್ಲದೆ, ಕಸುಬಿನ ವಿಚಾರಣೆಯಿಲ್ಲದೆ ಇವನ್ನು ಬೇರ್ಪಡಿಸಲಾಗದು. ಎರಡನೆಯದಾಗಿ, ರೋಗ ಬಲಿತವನು ಗಣಿಯಲ್ಲಿ ಉಳಿಯುತ್ತಿರಲಿಲ್ಲ. ಕೈಲಾಗದವನು ತನ್ನ ಹಳ್ಳಿಗೆ ಮರಳಿ ಅಲ್ಲಿಯೇ ಕಣ್ಮುಚ್ಚುತ್ತಿದ್ದನು. ಅವನ ಮರಣವು ಗಣಿಯ ಪುಸ್ತಕದಲ್ಲಿ ಸೇರುತ್ತಿರಲಿಲ್ಲ. ಮೂರನೆಯದಾಗಿ, ಬಡವನ ದೇಹವೇ ದುರ್ಬಲ, ಅವನ ಊಟ ಸಾಲದು, ಅವನ ಮನೆ ಕೊಳಕು, ಅವನು ಕುಡಿಯುತ್ತಾನೆ ಎಂಬ ಸಿದ್ಧ ಉತ್ತರಗಳು ಎಲ್ಲ ಕಾಲದಲ್ಲಿಯೂ ಉಳ್ಳವರ ಬಾಯಲ್ಲಿ ಇದ್ದೇ ಇವೆ.

ಇತ್ತ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ೧೯೦೨ರಲ್ಲಿಯೇ ಗಣಿಗಾರರ ಕ್ಷಯವನ್ನು ಕುರಿತು ಸರ್ಕಾರಿ ಆಯೋಗವು ವಿಚಾರಣೆ ನಡೆಸಿತು. ೧೯೩೦ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಜೊಹಾನ್ಸ್‌ಬರ್ಗ್ ನಗರದಲ್ಲಿ ಸಿಲಿಕೋಸಿಸ್ ಸಮ್ಮೇಳನವನ್ನು ನೆರವೇರಿಸಿತು. ಅದೇ ೧೯೩೦ರಲ್ಲಿ ಕೋಲಾರದ ಕಾರ್ಮಿಕರು, ಬೆರಳಚ್ಚು ಒತ್ತಿಸಿ ತಮ್ಮನ್ನು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಇಪ್ಪತ್ತೊಂದು ದಿನ ಮುಷ್ಕರ ಹೂಡಿದರು. ತಾವು ಕೇವಲ ಬೆರಳಿನ ಗುರುತಲ್ಲ, ಮನುಷ್ಯರು ಎಂಬ ಅರಿವು ಆ ಹೋರಾಟದಲ್ಲಿ ಮೂಡಿಬಂದಿತೆನ್ನಬಹುದು.

ಭಾರತದಲ್ಲಿ ಸಿಲಿಕೋಸಿಸ್ ಇದೆಯೆಂಬುದು ಮೊತ್ತಮೊದಲು ವರದಿಯಾದದ್ದು ೧೯೩೪ರಲ್ಲಿ, ಕೋಲಾರದ ಗಣಿಗಳಿಂದಲೇ. ೧೯೪೦ರಿಂದ ೧೯೪೬ರವರೆಗೆ ಅಲ್ಲಿ ವಿಸ್ತಾರವಾದ ಪರೀಕ್ಷೆ ನಡೆಯಿತು. ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಲಾಗಿ, ಅವರಲ್ಲಿ ನೂರಕ್ಕೆ ನಲವತ್ತಕ್ಕಿಂತಲೂ ಹೆಚ್ಚು ಮಂದಿಯ ಪುಪ್ಪುಸಗಳಲ್ಲಿ ಈ ರೋಗ ಕಂಡುಬಂದಿತು. ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರ ಈ ಅಧ್ಯಯನವನ್ನು ೧೯೪೭ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಪ್ರಕಟಿಸಿತು. ಓದುಗರು ಒಂದು ಕ್ಷಣ ನಿಂತು ಈ ಸಂಖ್ಯೆಯನ್ನು ಆಲೋಚಿಸಬೇಕು. ಒಂದು ಪಾಳಿಯಲ್ಲಿ ಹತ್ತು ಮಂದಿ ಪಂಜರದಂತಹ ಲಿಫ್ಟಿನಲ್ಲಿ ನಿಂತು ಕೆಳಗಿಳಿದರೆ, ಅವರಲ್ಲಿ ನಾಲ್ವರ ಎದೆಯೊಳಗೆ ಆಗಲೇ ಕಲ್ಲು ಬೇರೂರಿತ್ತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸ್‌ಅನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗವೆಂದು ಅಂಗೀಕರಿಸಿತು.

ಈ ಆಂಥೊನಿ ಕ್ಯಾಪ್ಲನ್ನರ ಹೆಸರು ಮುಂದೆ ಕಲ್ಲಿದ್ದಲ ಗಣಿಗಳ ಚರಿತ್ರೆಯಲ್ಲಿಯೂ ಸೇರಿಕೊಂಡಿತು. ಬ್ರಿಟನ್ನಿನಲ್ಲಿ ಕಲ್ಲಿದ್ದಲ ಧೂಳು ನಿರಪಾಯಕಾರಿ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಸೌತ್ ವೇಲ್ಸ್ ಪ್ರಾಂತದಲ್ಲಿ ನಡೆದ ಸಂಶೋಧನೆಗಳ ಬಳಿಕ ೧೯೪೩ರಲ್ಲಿ ಕಲ್ಲಿದ್ದಲ ಕಾರ್ಮಿಕರ ಶ್ವಾಸರೋಗಕ್ಕೆ ಪರಿಹಾರ ದೊರಕುವಂತಾಯಿತು. ಅಲ್ಲಿನ ಗಣಿಗಾರರನ್ನು ಪರೀಕ್ಷಿಸಿದ ಕ್ಯಾಪ್ಲನ್ನರು, ಸಂಧಿವಾತವಿದ್ದವರ ಪುಪ್ಪುಸಗಳಲ್ಲಿ ಕಾಣುವ ವಿಶೇಷ ಗಂಟುಗಳನ್ನು ೧೯೫೩ರಲ್ಲಿ ವರ್ಣಿಸಿದರು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಅವರ ಹೆಸರೇ ಉಳಿದಿದೆ. ವೈದ್ಯನ ಹೆಸರು ಪುಸ್ತಕದಲ್ಲಿ ಉಳಿಯಿತು. ಅವರು ಪರೀಕ್ಷಿಸಿದ ಕೋಲಾರದ ಸಾವಿರಾರು ಮಂದಿಯ ಹೆಸರುಗಳು ಉಳಿಯಲಿಲ್ಲ.

ಸ್ವಾತಂತ್ರ್ಯಾನಂತರ

೧೯೪೮ರ ಕಾರ್ಖಾನೆ ಕಾಯಿದೆಯು ಸಿಲಿಕೋಸಿಸ್‌ಅನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇರಿಸಿತು. ೧೯೫೨ರ ಗಣಿ ಕಾಯಿದೆಯು ಗಣಿಗಾರರ ರೋಗಗಳ ಬಗೆಗೂ ಅಂಥದೇ ಹೊಣೆಯನ್ನು ಗಣಿಯ ಒಡೆತನದವರಿಗೂ ವೈದ್ಯರಿಗೂ ವಿಧಿಸಿತು. ಕೋಲಾರದ ಗಣಿಗಳನ್ನು ೧೯೫೬ರಲ್ಲಿ ಮೈಸೂರು ರಾಜ್ಯ ಸರ್ಕಾರವು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಸ್ಥಾಪಿತವಾಯಿತು. ನೀರು ಚಿಮ್ಮಿಸುತ್ತಾ ಕೊರೆಯುವ ಪದ್ಧತಿ, ಉತ್ತಮ ಗಾಳಿಯ ವ್ಯವಸ್ಥೆ, ನಿಯತಕಾಲದ ಕ್ಷ-ಕಿರಣ ಪರೀಕ್ಷೆ ಇವು ಧೂಳನ್ನು ತಗ್ಗಿಸುವ ಪರೀಕ್ಷಿತ ಮಾರ್ಗಗಳು. ಒಣ ಬಂಡೆಯನ್ನು ಕೊರೆಯುವುದಕ್ಕೂ ಒದ್ದೆ ಬಂಡೆಯನ್ನು ಕೊರೆಯುವುದಕ್ಕೂ ಇರುವ ಅಂತರವು ಎಷ್ಟೋ ವೇಳೆ ಮುಪ್ಪನ್ನು ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರವಾಗುತ್ತದೆ.

ಚಿನ್ನ ಬರಿದಾಗಿ ವೆಚ್ಚ ಹೆಚ್ಚಿದ್ದರಿಂದ ೨೦೦೧ರ ಫೆಬ್ರವರಿ ೨೮ರಂದು ಕೋಲಾರದ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಹೊರಬಂದಿತ್ತು. ಗಣಿ ಮುಚ್ಚಿತು, ಆದರೆ ಪುಪ್ಪುಸದೊಳಗಿನ ಧೂಳಿಗೆ ನಿವೃತ್ತಿಯಿಲ್ಲ. ವೇತನವೂ ಕಂಪನಿಯ ಆಸರೆಯೂ ತಪ್ಪಿಹೋದ ಮೇಲೂ ಏದುಸಿರು ಕಾರ್ಮಿಕನ ಸಂಗಡಲೇ ಉಳಿಯಿತು. ಅದಿರು ಅರೆದು ಚಿನ್ನ ತೆಗೆದ ಬಳಿಕ ಉಳಿದ ಹುಡಿಯನ್ನು ರಾಶಿ ಹಾಕಿದ ಸೈನೈಡ್ ದಿಬ್ಬಗಳು ಇಂದಿಗೂ ಆ ಪಟ್ಟಣದ ಮೇಲೆ ಗುಡ್ಡಗಳಂತೆ ನಿಂತಿವೆ. ಗಾಳಿ ಬೀಸುವ ಕಾಲದಲ್ಲಿ ಅವುಗಳ ಧೂಳು, ಗಣಿಯೊಳಗೆ ಎಂದೂ ಇಳಿಯದ ಮಕ್ಕಳ ಮೇಲೂ ಬೀಳುತ್ತದೆ.

ಧರ್ಮಸಭೆಯ ಬೋಧನೆ

ಕೋಲಾರದ ಗಣಿಗಳು ಏಳಿಗೆಗೆ ಬರುತ್ತಿದ್ದ ಕಾಲದಲ್ಲಿಯೇ, ೧೮೯೧ರ ಮೇ ೧೫ರಂದು, ಜಗದ್ಗುರು ಹದಿಮೂರನೆಯ ಲಿಯೋರವರು ರೇರುಂ ನೊವಾರುಂ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ನ್ಯಾಯವಾದ ಕೂಲಿಯನ್ನೂ ಕಾರ್ಮಿಕ ಸಂಘಗಳ ಹಕ್ಕನ್ನೂ ಅದು ಪ್ರತಿಪಾದಿಸಿತೆಂದು ನಾವೆಲ್ಲರೂ ಬಲ್ಲೆವು. ಆದರೆ ಅದರಲ್ಲಿ ಗಣಿ ಮತ್ತು ಕಲ್ಲುಕೋರೆಗಳಲ್ಲಿ ದುಡಿಯುವವರ ವಿಷಯ ಹೆಸರೆತ್ತಿ ಹೇಳಲ್ಪಟ್ಟಿದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಭೂಗರ್ಭದಿಂದ ಕಲ್ಲಿದ್ದಲು, ಕಲ್ಲು, ಲೋಹಗಳನ್ನು ತೆಗೆಯುವವರ ಶ್ರಮವು ಆರೋಗ್ಯಕ್ಕೆ ಹೆಚ್ಚು ಹಾನಿಕರವಾದ್ದರಿಂದ ಅವರ ದುಡಿಮೆಯ ಅವಧಿ ಅದಕ್ಕೆ ತಕ್ಕಂತೆ ಕಡಿಮೆಯಿರಬೇಕೆಂದು ಜಗದ್ಗುರುಗಳು ಆದೇಶಿಸಿದರು. ೧೯೫೫ರಲ್ಲಿ ಹನ್ನೆರಡನೆಯ ಪಿಯೂಸರು ಮೇ ಒಂದನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ೧೯೮೧ರ ಸೆಪ್ಟೆಂಬರ್ ೧೪ರಂದು ಎರಡನೆಯ ಜಾನ್ ಪೌಲರು ತಮ್ಮ ಲಾಬೋರೆಂ ಎಕ್ಸೆರ್ಚೆನ್ಸ್ ವಿಶ್ವಪತ್ರದಲ್ಲಿ, ದೇಹಾರೋಗ್ಯಕ್ಕೆ ಹಾನಿ ತಟ್ಟದಂತಹ ದುಡಿಮೆಯ ಪರಿಸರವು ಕಾರ್ಮಿಕನ ಹಕ್ಕೆಂದು ಬೋಧಿಸಿದರು.

ಇದರ ಮೂಲ ಆದಿಕಾಂಡದಲ್ಲಿಯೇ ಇದೆ. ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸವನ್ನು ಊದಿದರೆಂದು ನಾವು ವಿಶ್ವಾಸಿಸುತ್ತೇವೆ. ಆದ್ದರಿಂದ ಉಸಿರು ದೇವರ ಸ್ವಂತ ದಾನ. ದೇವರು ಉಸಿರನ್ನು ಊದಿದ ಮೂಗಿನೊಳಗೆ, ಲಾಭದಾಸೆಯಿಂದ ಧೂಳನ್ನು ತುಂಬುವವನು ಸೃಷ್ಟಿಯ ಕಾರ್ಯವನ್ನೇ ಹಿಂದುಮುಂದು ಮಾಡುತ್ತಾನೆ. ವಿಭೂತಿ ಬುಧವಾರದಂದು ನಾವು ಮಣ್ಣೆಂಬುದನ್ನು ಗುರುಗಳು ನೆನಪಿಸುತ್ತಾರೆ. ಅದು ವಿನಯದ ಪಾಠ. ಬಡವನು ಬೇಗನೆ ಮಣ್ಣಾಗಲಿ ಎಂಬುದಕ್ಕೆ ಅದು ಅನುಮತಿಯಲ್ಲ.

ನಮ್ಮ ಸುತ್ತಮುತ್ತ

ಇದೆಲ್ಲ ಕೋಲಾರದ ಕಥೆಯಲ್ಲವೇ, ನಮಗೇನು ಎಂದು ಯಾರಾದರೂ ಕೇಳಬಹುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದಡಿಯ ಚಿನ್ನದ ಗಣಿ ನಡೆಯುತ್ತಿದೆ. ಆದಿಲ್‌ಶಾಹಿಯ ಕಾಲದಿಂದಲೂ ವಿಶ್ವಾಸವನ್ನು ಕಾಪಾಡಿಕೊಂಡು ಬಂದಿರುವ ಮುದಗಲ್ಲಿನ ಕಥೋಲಿಕ ಸಮುದಾಯ ಅದೇ ತಾಲೂಕಿನದು. ನಮ್ಮ ಜಿಲ್ಲೆಯಲ್ಲಿಯೇ ಇಳಕಲ್ಲಿನ ಕೆಂಪು ಗ್ರಾನೈಟ್ ದೂರದ ದೇಶಗಳವರೆಗೆ ಹೋಗಿದೆ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಅದ್ಭುತ ಗುಡಿಗಳೆಲ್ಲ ಮರಳುಕಲ್ಲಿನವು, ಅಂದರೆ ಬಹುತೇಕ ಶುದ್ಧ ಬೆಣಚಿನ ಕಣಗಳವು. ಆ ಶಿಲ್ಪಿಗಳ ಕೈಚಳಕವನ್ನು ಹೊಗಳುವ ನಾವು ಅವರ ಎದೆಯ ಗತಿ ಏನಾಗಿದ್ದೀತೆಂದು ಊಹಿಸಿದ್ದೇವೆಯೇ?

ಕಲ್ಲುಕೋರೆ, ಜಲ್ಲಿ ಮಾಡುವ ಕ್ರಷರ್, ಕಲ್ಲು ಕೊಯ್ದು ನಯಗೊಳಿಸುವ ಘಟಕ, ಬೋರ್‌ವೆಲ್ ಕೊರೆಯುವ ಲಾರಿ, ಕಟ್ಟಡದ ಹಲಗೆಕಲ್ಲು ಕತ್ತರಿಸುವ ಯಂತ್ರ ಇವೆಲ್ಲವುಗಳ ಸುತ್ತ ಏಳುವುದು ಅದೇ ಧೂಳು. ಹತ್ತು ಸಾವಿರ ಅಡಿ ಕೆಳಗೆ ಇಳಿಯದೆಯೂ, ಬಿಸಿಲಿನಲ್ಲಿಯೇ ನಿಂತು, ಕೋಲಾರದ ರೋಗವನ್ನು ಸಂಪಾದಿಸಿಕೊಳ್ಳಬಹುದು. ಕಬ್ಬಿನ ಸೀಮೆಯಾದ ಮುಧೋಳ, ಜಮಖಂಡಿಗಳಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ರಾಶಿಬಿದ್ದು ಬೂಷ್ಟು ಹಿಡಿದಾಗ ಅದರ ಧೂಳಿನಿಂದಲೂ ಒಂದು ಬಗೆಯ ಶ್ವಾಸರೋಗ ಬರುತ್ತದೆ. ಹತ್ತಿಯ ಧೂಳಿನಿಂದ ಬರುವ ರೋಗವೂ ಬೇರೆಯೇ ಒಂದಿದೆ. ಕೋಲಾರದಲ್ಲಿ ಗಣಿಯೊಂದು ದೊಡ್ಡ ಕಂಪನಿಯದಾಗಿತ್ತು. ಕಡೆಗಾದರೂ ಸಾವಿರಾರು ಮಂದಿಯ ಪರೀಕ್ಷೆ ಅಲ್ಲಿ ಸಾಧ್ಯವಾಯಿತು. ಐದಾರು ಜನ ದುಡಿಯುವ ಕ್ರಷರಿನಲ್ಲಿ ಹಾಜರಿ ಪುಸ್ತಕವೇ ಇರದಿದ್ದಲ್ಲಿ, ಅವನು ಅಲ್ಲಿ ದುಡಿದನೆಂಬುದಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಇಂತಹ ಕಷ್ಟವನ್ನು ಮನಗಂಡು ರಾಜಸ್ಥಾನ ಸರ್ಕಾರವು ೨೦೧೯ರಲ್ಲಿ ಈ ರೋಗಿಗಳ ನೆರವಿಗಾಗಿಯೇ ಒಂದು ನೀತಿಯನ್ನು ರೂಪಿಸಿತು.

ನಮ್ಮ ಕರ್ತವ್ಯ

ಪ್ರಿಯ ವಿಶ್ವಾಸಿಗಳೇ, ಧರ್ಮಕೇಂದ್ರವೊಂದು ಏನು ಮಾಡಬಲ್ಲದು? ಮೊದಲನೆಯದಾಗಿ, ರಾಮಾಜ್ಜೀನಿಯ ಪ್ರಶ್ನೆಯನ್ನು ನಾವು ಕೇಳಬಹುದು. ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಕೆಮ್ಮು, ಏದುಸಿರು ಇದ್ದರೆ, ವೈದ್ಯರ ಬಳಿಗೆ ಹೋದಾಗ ಕಲ್ಲಿನ ಕೆಲಸ ಮಾಡಿದ್ದನ್ನು, ಎಷ್ಟು ವರ್ಷ, ಎಲ್ಲಿ ಮಾಡಿದ್ದೆಂಬುದನ್ನು ತಪ್ಪದೆ ಹೇಳಿರಿ. ಕ್ಷಯದ ಔಷಧವನ್ನು ಪೂರ್ತಿಯಾಗಿ ಸೇವಿಸಿದ ಮೇಲೂ ಉಸಿರು ಸುಧಾರಿಸದಿದ್ದರೆ ಎದೆಯ ಕ್ಷ-ಕಿರಣ ಚಿತ್ರವನ್ನು ಇಟ್ಟುಕೊಂಡು ಮತ್ತೆ ವಿಚಾರಿಸಿರಿ. ಎರಡನೆಯದಾಗಿ, ಕೂಲಿಯ ಚೀಟಿ, ಹಾಜರಿಯ ಚೀಟಿ, ಹಳೆಯ ಆಸ್ಪತ್ರೆಯ ಕಾಗದ ಯಾವುದನ್ನೂ ಬಿಸಾಡಬೇಡಿರಿ. ಪರಿಹಾರ ಕೇಳುವ ದಿನ ಅವೇ ನಾಲಗೆಯಾಗುತ್ತವೆ. ಮೂರನೆಯದಾಗಿ, ನಮ್ಮಲ್ಲಿ ಯಾರಾದರೂ ಗುತ್ತಿಗೆದಾರರೋ ಮೇಸ್ತ್ರಿಗಳೋ ಇದ್ದರೆ, ಕಲ್ಲು ಕೊಯ್ಯುವಾಗ ನೀರು ಹರಿಸುವುದನ್ನು ನಿಮ್ಮ ಧರ್ಮವೆಂದು ತಿಳಿಯಿರಿ. ಮುಖಕ್ಕೆ ಕಟ್ಟಿದ ಟವಲು ಈ ಸೂಕ್ಷ್ಮ ಧೂಳನ್ನು ತಡೆಯದು. ನೀರು ಅದನ್ನು ಹುಟ್ಟುವಲ್ಲಿಯೇ ಅಡಗಿಸುತ್ತದೆ.

ಕೊನೆಯದಾಗಿ, ನಮ್ಮ ಮರಣ ದಾಖಲೆಯ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು ಬರೆಯುವಾಗ ಅವರು ಜೀವಮಾನವಿಡೀ ಮಾಡಿದ ಕಸುಬನ್ನೂ ಒಂದು ಸಾಲಿನಲ್ಲಿ ಬರೆಯುವ ಪದ್ಧತಿ ಈ ಶತಮಾನೋತ್ಸವ ವರ್ಷದಿಂದ ಪ್ರಾರಂಭವಾಗಲಿ. ಇನ್ನೊಂದು ನೂರು ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ತೆರೆಯುವವರು, ಈ ಊರಿನಲ್ಲಿ ಯಾರು ಏನು ದುಡಿದರು, ಎಷ್ಟು ಬೇಗ ತೀರಿಕೊಂಡರು ಎಂಬುದನ್ನು ಓದಿ ತಿಳಿಯಬಲ್ಲವರಾಗಲಿ.

ಡಿಸೆಂಬರ್ ೪ರಂದು ಗಣಿಗಾರರ ಪಾಲಕಿಯಾದ ಸಂತ ಬಾರ್ಬರಳನ್ನು ಅನೇಕ ದೇಶಗಳ ಕಾರ್ಮಿಕರು ಸ್ಮರಿಸುತ್ತಾರೆ. ಆ ದಿನ ಬಲಿಪೂಜೆಯಲ್ಲಿ ಕೋಲಾರದ ಆಳದಲ್ಲಿ ಉಸಿರು ಕಳೆದುಕೊಂಡ ಆತ್ಮಗಳನ್ನೂ, ನಮ್ಮ ನಾಡಿನ ಕಲ್ಲುಕುಟಿಗರನ್ನೂ ನೆನೆಯೋಣ. ಜೀವಶ್ವಾಸವನ್ನು ದಯಪಾಲಿಸಿದ ದೇವರು ಅವರಿಗೆ ನಿತ್ಯ ವಿಶ್ರಾಂತಿಯನ್ನೂ, ಬದುಕಿರುವವರಿಗೆ ನ್ಯಾಯವನ್ನೂ ಅನುಗ್ರಹಿಸಲಿ.